ಐಸ್ ಚೀಲದ ಕೆಳಗೊಂದು ವಿಮಾನ

1985ರ ಮೇ ತಿಂಗಳ ಮೂರನೆಯ ಭಾನುವಾರ. ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ, ಪಂಪ್‌ವೆಲ್ ಹತ್ತಿರ ನಾವು ಬಾಡಿಗೆಗಿದ್ದ ಮನೆಯ ಎದುರಿನ ಕೋಣೆ. ಹಾಜರಿದ್ದವರು ನಾನು, ನನ್ನ ಗಂಡ ಸಿರಿಲ್, ಮತ್ತು ಪಕ್ಕದ ಮನೆಯ ಗಿರಿಜಕ್ಕ, ಕೈಯಲ್ಲಿ ಮಂಜುಗಡ್ಡೆ ತುಂಬಿದ ಸ್ಟೀಲ್ ಡಬ್ಬಿಯ ಸಮೇತ. ಮೇಜಿನ ಮೇಲೆ ಶಾಲೆಯ ಸ್ಲೇಟಿಗಿಂತ ಸ್ವಲ್ಪ ಚಿಕ್ಕದಾದ ಒಂದು ಕರಿಯ ಕಂಪ್ಯೂಟರ್. ಅದರ ತಲೆಯ ಮೇಲೆ, ಜ್ವರದ ರೋಗಿಗಳ ಹಣೆಗೆ ಇಡುವ ರಬ್ಬರಿನ ಐಸ್ ಚೀಲ.

ನಗಬೇಡಿ. ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿದ್ದವಳು ನಾನು. ದಿನ, ಗಂಟೆ, ಯಾರಿದ್ದರು ಎಂಬುದನ್ನು ಮೊದಲು ಬರೆಯದೆ ನನಗೆ ಒಂದು ಮಾತೂ ಹೊರಡುವುದಿಲ್ಲ.

ಇದೆಲ್ಲ ಈಗ ನೆನಪಾದದ್ದಕ್ಕೆ ನನ್ನ ಒಂದು ಕೆಟ್ಟ ಅಭ್ಯಾಸ ಕಾರಣ. ಹೋದ ವಾರ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ, ಸಿಸ್ಟಮ್ ಸ್ಲೋ ಉಂಟು ಆಂಟಿ, ಸ್ವಲ್ಪ ಕೂತ್ಕೊಳ್ಳಿ ಎಂದಳು. ನಾನು ಕೂರಲಿಲ್ಲ. ಕೌಂಟರಿನ ಮೇಲಿಂದ ಕೈ ಚಾಚಿ, ಹಿಂಗೈಯನ್ನು ಅವಳ ಕಂಪ್ಯೂಟರಿನ ಬೆನ್ನಿಗೆ ಇಟ್ಟು ನೋಡಿದೆ. ಬಿಸಿ ಇತ್ತು. “ಸ್ವಲ್ಪ ಜ್ವರ ಉಂಟು ಮಗಾ” ಎಂದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಹುಡುಗಿ ಮಾತ್ರ ಒಳ್ಳೆಯವಳು. ಹೌದು ಆಂಟಿ, ಅದಕ್ಕೆ ಯಾವಾಗಲೂ ಜ್ವರವೇ ಎಂದಳು.

ಯಂತ್ರ ನಿಧಾನವಾದರೆ ಎಲ್ಲರೂ ಅದಕ್ಕೆ ಬಯ್ಯುತ್ತಾರೆ. ನನಗೆ ಬಯ್ಯಲು ಬಾಯಿ ಬರುವುದಿಲ್ಲ. ಒಂದು ಬಡ, ಹಳೆಯ, ನಿಧಾನದ ಯಂತ್ರದ ಋಣ ನಮ್ಮ ಮನೆಯ ಮೇಲೆ ಇದೆ.

ಸಿರಿಲ್ ಬಸ್ ಡ್ರೈವರ್. ಗಿರಿಜಕ್ಕನ ಗಂಡ ರಘುರಾಮಣ್ಣನಿಗೆ, ಊರವರ ಬಾಯಲ್ಲಿ ಶೆಟ್ರಿಗೆ, ಎರಡು ಬಸ್ಸುಗಳಿದ್ದವು. ಹಿರಿಯರು ಗೇಣಿಯ ಭೂಮಿ ನೋಡಿಕೊಂಡಿದ್ದವರು, ಇವರು ಅದನ್ನು ಬಿಟ್ಟು ಬಸ್ಸಿಗೆ ಬಂದವರು. ಒಂದು ಬಸ್ಸನ್ನು ಸಿರಿಲ್ ಒಂಬತ್ತು ವರ್ಷ ಕಾಟಿಪಳ್ಳದವರೆಗೆ ಓಡಿಸಿದ್ದರು. ಆ ಮಾರ್ಚ್ ತಿಂಗಳಲ್ಲಿ ಒಂದು ದಿನ ಬ್ಯಾಟರಿ ಇಳಿದಿದ್ದ ಬಸ್ಸಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಎಂಜಿನ್ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ಬಂದು ಬಲ ಮಣಿಕಟ್ಟಿಗೆ ಬಡಿಯಿತು. ಮೂಳೆ ಮುರಿಯಿತು. ಡ್ರೈವರುಗಳಿಗೆಂದೇ ಇರುವ ಮುರಿತ ಅದು, ಪಾಠದಲ್ಲಿ ಓದಿದ್ದೆ. ಓದುವಾಗ, ಇದು ನನ್ನ ಮನೆಗೆ ಬರುತ್ತದೆ ಎಂದು ಯಾರು ಎಣಿಸುತ್ತಾರೆ?

ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ ಕೈ ತೆಳ್ಳಗೆ, ಬೆಳ್ಳಗೆ, ಹಲಗೆಯ ಹಾಗೆ ಬಿಗಿದಿತ್ತು. ಮಣಿಕಟ್ಟು ಹಿಂದಕ್ಕೆ ಬಾಗಲೇ ಇಲ್ಲ. ಸ್ಟೀರಿಂಗ್ ಒತ್ತಿ ತಿರುಗಿಸಬೇಕಾದರೆ ಕನಿಷ್ಠ ನಲವತ್ತೈದು ಡಿಗ್ರಿಯಾದರೂ ಬಾಗಬೇಕು ಎಂದರು ಡಾಕ್ಟರು. ರಘುರಾಮಣ್ಣ ಬದಲಿ ಡ್ರೈವರನ್ನು ಇಟ್ಟುಕೊಂಡಿದ್ದರು. ಜೂನ್ ಒಂದಕ್ಕೆ ಶಾಲೆ ಸುರುವಾಗುತ್ತದೆ, ಟ್ರಿಪ್ಪು ಹೆಚ್ಚುತ್ತದೆ, ಅಷ್ಟರೊಳಗೆ ಸಿರಿಲ್ ಬಂದರೆ ಸರಿ, ಇಲ್ಲದಿದ್ದರೆ ಬದಲಿಯವನೇ ಕಾಯಂ ಎಂದು ನೋವಿನಿಂದಲೇ ಹೇಳಿ ಹೋದರು. ನ್ಯಾಯದ ಮಾತೇ. ಬಸ್ಸಿಗೆ ಎಷ್ಟು ದಿನ ಕಾಯಲಿಕ್ಕಾಗುತ್ತದೆ?

ನಾನು ಕೂಡಲೇ ಚಾರ್ಟ್ ಬರೆದೆ. ಬೆಳಗ್ಗೆ ಐದೂ ಐದಕ್ಕೆ ಬಿಸಿನೀರಿನಲ್ಲಿ ಕೈ, ಐದೂಕಾಲಿಗೆ ರಬ್ಬರ್ ಚೆಂಡು ಹಿಸುಕುವುದು, ನೂರು ಸಲ. ಮಣಿಕಟ್ಟು ಎಷ್ಟು ಬಾಗುತ್ತದೆ ಎಂದು ಅಳೆಯಲು ಜಾಮೆಟ್ರಿ ಬಾಕ್ಸಿನ ಕೋನಮಾಪಕವನ್ನು ರಟ್ಟಿಗೆ ಅಂಟಿಸಿ ಒಂದು ಸಾಧನ ಮಾಡಿದೆ. ಅಳೆಯುವುದು ದಿನಾ ಐದು ಗಂಟೆಗೆ ಸರಿಯಾಗಿ, ಬೇರೆ ಯಾವ ಕೆಲಸಕ್ಕೂ ಮುಂಚೆ. ನಾಡಿ, ಜ್ವರ, ಎಲ್ಲವನ್ನೂ ರೋಗಿ ಎದ್ದ ಕೂಡಲೇ ನೋಡಬೇಕೆಂದು ನಮಗೆ ಕಲಿಸಿದ್ದರು.

ಕಲಿಸಿದವರ ಬಗ್ಗೆ ಎರಡು ಮಾತು. ಎಪ್ಪತ್ತರ ದಶಕದಲ್ಲಿ ನಾನು ತರಬೇತಿಗೆ ಸೇರಿದಾಗ ನಮ್ಮ ಮೇಟ್ರನ್ ಒಬ್ಬರು ಕನ್ಯಾಸ್ತ್ರೀ. ಎತ್ತರ ಐದಡಿ ಇರಲಿಕ್ಕಿಲ್ಲ. ಹಾಸಿಗೆಯ ಬಟ್ಟೆಯ ಮೂಲೆ ಮಡಚಿದ್ದು ಸರಿಯಿಲ್ಲದಿದ್ದರೆ ಮಾತಾಡದೆ ಇಡೀ ಬಟ್ಟೆಯನ್ನು ಎಳೆದು ನೆಲಕ್ಕೆ ಹಾಕಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಔಷಧದ ಕಪಾಟನ್ನು ಕಣ್ಣು ಮುಚ್ಚಿ ತೆರೆಸಿ, ಅಯೋಡಿನ್ ತೆಗೆ ಎನ್ನುತ್ತಿದ್ದರು. ಪ್ರತಿ ವಸ್ತು ತನ್ನ ಜಾಗದಲ್ಲಿದ್ದರೆ ಕಣ್ಣು ಬೇಡ ಎಂಬುದು ಅವರ ಮಾತು. ನಾನು ಅದನ್ನು ಮನೆಗೂ ತಂದೆ. ನಮ್ಮ ಮನೆಯಲ್ಲಿ ಸಕ್ಕರೆ, ಕತ್ತರಿ, ಜಪಸರ, ಬೆಂಕಿಪೆಟ್ಟಿಗೆ, ಯಾವುದನ್ನೂ ನಾನು ನೋಡಿ ತೆಗೆದವಳಲ್ಲ. ಸಿರಿಲ್ ಮದುವೆಯಾದ ವರ್ಷವೇ ನನ್ನನ್ನು ಸಿಸ್ಟರ್ ಎಂದು ಕರೆಯತೊಡಗಿದರು. ವಾರ್ಡಿನಲ್ಲಿ ಎಲ್ಲರೂ ಕರೆಯುವ ಹೆಸರು, ಮನೆಯಲ್ಲಿ ಅದು ಕೀಟಲೆ.

ಚಾರ್ಟ್ ಚೆನ್ನಾಗಿತ್ತು. ರೋಗಿ ಚೆನ್ನಾಗಿರಲಿಲ್ಲ. ಮೂರನೆಯ ದಿನ ಚೆಂಡು ಬಾವಿಗೆ ಬಿತ್ತು. ಜಾರಿತು ಎಂದರು. ಎದುರಿನ ಕೋಣೆಯ ಮೇಜಿನಿಂದ ಬಾವಿಗೆ ಹದಿನೆಂಟು ಹೆಜ್ಜೆ. ಅಷ್ಟು ದೂರ ಜಾರುವ ಚೆಂಡನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಆಗ ಲಿಲ್ಲಿ ಬಂದಳು. ಲಿಲ್ಲಿ ನನ್ನ ತಂಗಿ, ಬಹರೈನಿನಲ್ಲಿ ನರ್ಸ್. ರಜೆಗೆ ಬರುವಾಗ ಎಲ್ಲರಿಗೆ ಸೀರೆ, ಸಾಬೂನು, ಸೆಂಟು ತಂದವಳು ಬಾವನಿಗೆ ಒಂದು ಕರಿಯ ಪೆಟ್ಟಿಗೆ ತಂದಳು. ಅಲ್ಲಿ ಅವಳ ಪರಿಚಯದ ಎಂಜಿನಿಯರ್ ಒಬ್ಬರು ಹೊಸ ಕಂಪ್ಯೂಟರ್ ಕೊಂಡು ಹಳೆಯದನ್ನು ಕಸಕ್ಕೆ ಹಾಕುವುದರಲ್ಲಿದ್ದರಂತೆ. ಇದು ಅಗ್ಗದ್ದು, ತುಂಬ ನಿಧಾನ, ಆಡಿದರೆ ತಲೆ ಕೆಡುತ್ತದೆ ಎಂದಿದ್ದರಂತೆ. ಜೊತೆಗೆ ಒಂದು ಕ್ಯಾಸೆಟ್ಟಿನಲ್ಲಿ ವಿಮಾನ ಹಾರಿಸುವ ಆಟ ತುಂಬಿಸಿ ಕೊಟ್ಟಿದ್ದರು.

“ಬಾವಾ, ಬಸ್ಸು ಬಿಡ್ಲಿಕ್ಕೆ ಆಗದಿದ್ರೆ ವಿಮಾನ ಬಿಡಿ” ಎಂದಳು ಲಿಲ್ಲಿ.

ನಮ್ಮ ಮನೆಮಾತು ಕೊಂಕಣಿ. ಆಡಿದ್ದೆಲ್ಲ ಕೊಂಕಣಿಯಲ್ಲೇ. ಗಿರಿಜಕ್ಕನದು ತುಳು. ನಿಮಗಾಗಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.

ಆ ಯಂತ್ರದ ಅವಸ್ಥೆ ಹೇಳುತ್ತೇನೆ ಕೇಳಿ. ಅದಕ್ಕೆ ಸ್ವಂತ ಪರದೆಯಿಲ್ಲ. ಕಪ್ಪುಬಿಳುಪು ಟಿ.ವಿ.ಗೆ ಸಿಕ್ಕಿಸಬೇಕು. ಸ್ವಂತ ನೆನಪಿನ ಶಕ್ತಿ ಇಲ್ಲವೆಂದೇ ಹೇಳಬೇಕು. ಆಟಕ್ಕೆ ಬೇಕಾದಷ್ಟು ನೆನಪು ಸಾಲದೆ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಇನ್ನೊಂದು ಡಬ್ಬಿಯನ್ನು ಅದರ ಬೆನ್ನಿಗೆ ಸಿಕ್ಕಿಸಬೇಕಿತ್ತು. ಆ ಡಬ್ಬಿ ಹಲ್ಲು ಬೀಳುವ ಮಕ್ಕಳ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಗುಂಡಿ ಸ್ವಲ್ಪ ಜೋರಾಗಿ ಒತ್ತಿದರೆ ಸಾಕು, ಡಬ್ಬಿ ಅಲ್ಲಾಡಿ, ಇದ್ದದ್ದೆಲ್ಲ ಮರೆತುಹೋಗಿ, ಪರದೆ ಬೆಳ್ಳಗಾಗುತ್ತಿತ್ತು. ಮತ್ತೆ ಕ್ಯಾಸೆಟ್ಟನ್ನು ಮೊದಲಿನಿಂದ ಓಡಿಸಬೇಕು. ಟೇಪ್ ರೆಕಾರ್ಡರಿನಿಂದ ವೈರ್ ಸಿಕ್ಕಿಸಿ ಆರು ನಿಮಿಷ ಕಾದರೆ ಆಟ ಯಂತ್ರದ ತಲೆಗೆ ಇಳಿಯುತ್ತಿತ್ತು. ಆ ಆರು ನಿಮಿಷ ಕರೆಂಟು ಒಂದು ಚೂರು ಕುಗ್ಗಿದರೂ ಎಲ್ಲ ಹಾಳು.

ಇಷ್ಟು ರೋಗಗಳಿರುವ ಯಂತ್ರ ನರ್ಸಿನ ಮನೆಗೆ ಬಂದದ್ದು ಅದರ ಪುಣ್ಯ. ಅಲ್ಲಾಡುವ ಡಬ್ಬಿಗೆ ಎರಡು ಕಡೆ, ನಾಲಿಗೆ ಒತ್ತಿ ಗಂಟಲು ನೋಡುವ ಮರದ ಪಟ್ಟಿ ಇಟ್ಟು ಅಂಟುಪಟ್ಟಿ ಸುತ್ತಿದೆ. ಮುರಿದ ಕೈಗೆ ದಬ್ಬೆ ಕಟ್ಟುವುದು ಹೀಗೆಯೇ. ಹಾಗಾಗಿ ಕೆಲವು ದಿನ ನಮ್ಮ ಮನೆಯಲ್ಲಿ ಎದುರುಬದುರಾಗಿ ಎರಡು ಮುರಿತದ ಕೇಸು ಕೂತಿದ್ದವು. ಇಪ್ಪತ್ತು ನಿಮಿಷವಾದರೆ ಯಂತ್ರ ಕಾದು ಚಿತ್ರ ಅದುರುತ್ತಿತ್ತು. ಅದಕ್ಕೆ ಐಸ್ ಚೀಲ. ನಮ್ಮಲ್ಲಿ ಫ್ರಿಜ್ಜಿರಲಿಲ್ಲ, ಗಿರಿಜಕ್ಕನ ಮನೆಯಲ್ಲಿ ಇತ್ತು. ಇನ್ನು ಕರೆಂಟಿನ ವಿಷಯ. ಗಿರಿಜಕ್ಕ ಹೊಸ ಗ್ರೈಂಡರ್ ತೆಗೆದುಕೊಂಡಿದ್ದರು. ನೀರುದೋಸೆಗೆ ಅಕ್ಕಿ ರುಬ್ಬುವುದು ಬೆಳಗ್ಗೆಯೇ. ಅದು ತಿರುಗಿದ ಕೂಡಲೇ ನಮ್ಮ ಬಲ್ಬು ಮಂಕಾಗುತ್ತಿತ್ತು. ಆದ್ದರಿಂದ ದಿನಾ ಐದೂ ಹತ್ತಕ್ಕೆ ಐಸ್ ಹಿಡಿದುಕೊಂಡು ಬರುವಂತೆ ಅವರನ್ನೇ ಬೇಡಿಕೊಂಡೆ. ಅವರು ನಮ್ಮಲ್ಲಿ ಕೂತಿರುವವರೆಗೆ ಅವರ ಗ್ರೈಂಡರ್ ತಿರುಗುವುದಿಲ್ಲವಲ್ಲ! ಈ ಲೆಕ್ಕ ಅವರಿಗೆ ಎರಡನೇ ದಿನವೇ ಗೊತ್ತಾಗಿತ್ತು. ಆದರೂ ಬರುತ್ತಿದ್ದರು. ಕರಿಕಾಫಿ ಕುಡಿದು, ಪೊರ್ಬುಗಳ ವಿಮಾನ ಇವತ್ತು ಯಾರ ತೋಟಕ್ಕೆ ಬೀಳ್ತದೆ ನೋಡುವ ಎನ್ನುತ್ತಿದ್ದರು. ತುಳುವರು ನಮ್ಮ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದೇ ಕರೆಯುವುದು.

ಸಿರಿಲ್ ಎಡಗೈಯಿಂದ ಕಳ್ಳಾಟ ಆಡದ ಹಾಗೆ ಎಡಗೈಯನ್ನು ತ್ರಿಕೋನ ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಹಾಕಿದೆ. ಯಂತ್ರದ ಕೆಳಗೆ ಟವೆಲಿನ ಸುರುಳಿ ಇಟ್ಟು ಓರೆ ಮಾಡಿದೆ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೇ ಗುಂಡಿ ಸಿಗಬೇಕು. ಗುಂಡಿಗಳಾದರೂ ಉಬ್ಬಿದ್ದಲ್ಲ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ಚೌಕಗಳು. ಬಲವಾಗಿ ಒತ್ತಿ ಹಿಡಿಯಬೇಕು. ರಬ್ಬರ್ ಚೆಂಡನ್ನು ನೂರು ಸಲ ಒತ್ತದವರು ಇದನ್ನು ಸಾವಿರ ಸಲ ಒತ್ತಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಎಂಜಿನಿಯರ್ ಹೇಳಿದ್ದು ನಿಜ. ಯಂತ್ರಕ್ಕೆ ಆ ಆಟ ಭಾರ. ಪರದೆಯಲ್ಲಿ ಕೆಲವು ಗಡಿಯಾರದ ಮುಖಗಳು, ಆಕಾಶ ಮತ್ತು ಭೂಮಿಯ ನಡುವೆ ಒಂದು ಗೆರೆ, ಇಳಿಯುವಾಗ ರನ್‌ವೇ ಎಂದು ಎರಡು ಗೆರೆ. ಇಷ್ಟನ್ನು ಬರೆಯಲಿಕ್ಕೆ ಅದು ಒದ್ದಾಡುತ್ತಿತ್ತು. ಗುಂಡಿ ಒತ್ತಿ ಒಂದು, ಎರಡು, ಮೂರು ಎಣಿಸಿದ ಮೇಲೆ ಗೆರೆ ವಾಲುತ್ತಿತ್ತು. ಕೈ ಗಟ್ಟಿಯಿರುವವನಿಗೆ ಅದು ತಲೆನೋವೇ. ಸಿರಿಲ್‌ಗೆ ಹಾಗಾಗಲಿಲ್ಲ. ಅವರ ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗಲಿಕ್ಕೂ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಬೇಕಿತ್ತು. ಯಂತ್ರ ಕಾಯುತ್ತಿತ್ತು, ಇವರು ತಲುಪುತ್ತಿದ್ದರು. ಆ ತಿಂಗಳು ಅವರಿಗಾಗಿ ಯಾರೂ ಕಾದಿರಲಿಲ್ಲ. ಬಸ್ಸು ಕಾಯುವುದಿಲ್ಲ, ಜೂನ್ ಕಾಯುವುದಿಲ್ಲ, ನಿಜ ಹೇಳುತ್ತೇನೆ, ನಾನೂ ಕಾಯುವ ಜಾತಿಯವಳಲ್ಲ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ತಡೆಯಲಾರದೆ ನಾನೇ ಹಾಕಿಬಿಡುತ್ತಿದ್ದೆ.

ಮೂರು ವಾರ ವಿಮಾನ ಹಾರಿತು. ಒಮ್ಮೆಯೂ ಸರಿಯಾಗಿ ಇಳಿಯಲಿಲ್ಲ. ನನ್ನ ಕೋನಮಾಪಕವೂ ಹಾಗೆಯೇ. ಮೊದಲ ವಾರದಲ್ಲಿ ಮೂವತ್ತಕ್ಕೆ ಬಂದದ್ದು ಅಲ್ಲಿಯೇ ನಿಂತಿತು. ಬೆಳಗ್ಗೆ ಐದು ಗಂಟೆಗೆ ಮೂವತ್ತು. ಮರುದಿನ ಐದಕ್ಕೆ ಮೂವತ್ತು. ಹತ್ತು ದಿನ ಚಾರ್ಟಿನಲ್ಲಿ ಒಂದೇ ಅಂಕಿ. ನಾನು ಅವರ ಹತ್ತಿರ, ಚೆನ್ನಾಗಿ ಬರ್ತಾ ಉಂಟು ಎನ್ನುತ್ತಿದ್ದೆ. ರೋಗಿಯ ಎದುರು ಮುಖ ಸಣ್ಣ ಮಾಡಬಾರದು ಎಂಬುದೂ ಕಲಿತದ್ದೇ.

ಆ ಶನಿವಾರ ಮಧ್ಯಾಹ್ನ ಸಿರಿಲ್ ಕ್ಷೌರಕ್ಕೆ ಹೋಗಿದ್ದರು. ರಜೆ ಮುಗಿಸಿ ಬಹರೈನಿಗೆ ಮರಳಿದ್ದ ಲಿಲ್ಲಿಗೆ ಉತ್ತರ ಕಳಿಸಬೇಕಿತ್ತು. ಉತ್ತರ ಎಂದರೆ ಕಾಗದವಲ್ಲ. ಗಲ್ಫಿನಲ್ಲಿ ಮಂದಿಯಿದ್ದ ಮನೆಗಳಲ್ಲೆಲ್ಲ ಆಗ ಕ್ಯಾಸೆಟ್ ಪತ್ರದ ರೂಢಿ. ಅಲ್ಲಿಂದ ಅವರು ಮಾತಾಡಿ ತುಂಬಿಸಿದ ಕ್ಯಾಸೆಟ್ ಯಾರದೋ ಕೈಯಲ್ಲಿ ಬರುತ್ತದೆ. ಮನೆಮಂದಿ ಸುತ್ತ ಕೂತು ಕೇಳುತ್ತಾರೆ. ಆಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಅವರ ಮಾತಿನ ಮೇಲೆಯೇ ನಮ್ಮ ಮಾತು ತುಂಬಿಸಿ, ಹೋಗುವವರ ಕೈಯಲ್ಲಿ ಕೊಡುವುದು. ನಮ್ಮ ಮಾಯ್, ಎಂದರೆ ಅಮ್ಮ, ಬಹರೈನ್ ದೂರವೆಂದು ಟೇಪ್ ರೆಕಾರ್ಡರಿಗೆ ಬಗ್ಗಿ ಕೂಗಿ ಮಾತಾಡುತ್ತಿದ್ದರು. ಊಟ ಆಯ್ತಾ ಎಂದು ಕೇಳಿ, ಲಿಲ್ಲಿ ಉತ್ತರ ಹೇಳಲಿಕ್ಕೆ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಸಿರಿಲ್ ಮಾತ್ರ ಒಂದು ಮಾತೂ ಆಡಿದವರಲ್ಲ. ಪೆಟ್ಟಿಗೆಗೆ ಎಂತ ಹೇಳುವುದು ಎನ್ನುತ್ತಿದ್ದರು.

ಸೋಮವಾರ ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ಒಬ್ಬರು ಬಹರೈನಿಗೆ ಹೊರಟಿದ್ದರು. ನಾನು ಡ್ರಾಯರ್ ಎಳೆದು ಬಲಗಡೆಯ ಕ್ಯಾಸೆಟ್ ತೆಗೆದೆ. ಎಡಗಡೆಯದ್ದು ಆಟ, ಬಲಗಡೆಯದ್ದು ಪತ್ರ. ನೋಡುವ ಅಗತ್ಯವಿರಲಿಲ್ಲ. ಬಾಗಿಲು ಹಾಕಿ ಕೂತು ಹತ್ತು ನಿಮಿಷ ಮಾತಾಡಿದೆ.

ಈಗ ಭಾನುವಾರಕ್ಕೆ ಬರುತ್ತೇನೆ. ಐದು ಗಂಟೆಗೆ ಅಳೆದೆ. ಮೂವತ್ತು. ಗಿರಿಜಕ್ಕ ಬಂದರು, ಐಸ್ ತುಂಬಿಸಿದೆ. ಸಿರಿಲ್ ಡ್ರಾಯರಿನಲ್ಲಿ ನೋಡಿ ಆಟದ ಕ್ಯಾಸೆಟ್ ತೆಗೆದು ಹಾಕಿದರು. ಆಟ ಇಳಿಯುವಾಗ ಟಿ.ವಿ.ಯಲ್ಲಿ ಕಪ್ಪುಬಿಳುಪು ಪಟ್ಟೆಗಳು ಓಡುತ್ತವೆ. ಅಂದು ಪಟ್ಟೆಗಳು ನಿಂತು ನಿಂತು, ಉಸಿರಾಡಿ ಓಡುತ್ತಿದ್ದವು. ಆರು ನಿಮಿಷವಾಯಿತು, ಏಳಾಯಿತು. ಯಂತ್ರ ಏನನ್ನೂ ತೋರಿಸಲಿಲ್ಲ. ವೈರ್ ಸಿಕ್ಕಿಸಿದಾಗ ಟೇಪ್ ರೆಕಾರ್ಡರಿನ ಸ್ವರ ಹೊರಗೆ ಕೇಳುವುದಿಲ್ಲ. ಟೇಪ್ ಸುತ್ತಿಕೊಂಡಿತಾ ನೋಡುವ ಎಂದು ಸಿರಿಲ್ ವೈರ್ ಎಳೆದರು.

ನನ್ನ ಸ್ವರ ಬಂತು.

“...ಕೈ ಮೂವತ್ತಕ್ಕಿಂತ ಮುಂದೆ ಹೋಗುವುದಿಲ್ಲ ಲಿಲ್ಲಿ. ಹತ್ತು ದಿನ ಆಯ್ತು. ಜೂನಿಗೆ ಬಸ್ಸು ಹಿಡೀಲಿಕ್ಕೆ ಅವರಿಂದ ಆಗ್ಲಿಕ್ಕಿಲ್ಲ. ನಾನು ಅವರಿಗೆ ಹೇಳಲಿಲ್ಲ, ಶೆಟ್ರಿಗೂ ಹೇಳಲಿಲ್ಲ. ಅಲ್ಲಿ ವಾಚ್‌ಮನ್ ಕೆಲಸ ಎಂತದಾದ್ರೂ ಉಂಟಾ ಅಂತ ಸ್ವಲ್ಪ ವಿಚಾರಿಸು...”

ನಾನು ಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ. ಅಲ್ಲಿಗೆ ಆರು ಹೆಜ್ಜೆ. ಅಷ್ಟು ಉದ್ದದ ಕೋಣೆ ಅದಾಗಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲು ಬಂದ ಯೋಚನೆ ಹೇಳಿದರೆ ನಾಚಿಕೆ. ಡ್ರಾಯರಿನಲ್ಲಿ ಕ್ಯಾಸೆಟ್ಟನ್ನು ಅದಲುಬದಲು ಇಟ್ಟದ್ದು ಯಾರು ಎಂಬುದೇ ಅದು. ಎರಡನೆಯದು, ನಾನು ಆಟವನ್ನು ಅಳಿಸಿಬಿಟ್ಟೆ ಎಂದು. ಅವರ ಮುಖ ನೋಡಬೇಕೆಂದು ತೋಚಿದ್ದು ಮೂರನೆಯದಾಗಿ. ನೋಡಿದೆ. ಅವರು ತಮ್ಮ ಬಲಗೈಯನ್ನು ನೋಡುತ್ತಿದ್ದರು.

ಇನ್ನೊಂದು ಭಯ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ಕೂತಿತ್ತು. ಬಸ್ಸಿನ ಯಜಮಾನನ ಹೆಂಡತಿ. ಇನ್ನು ಹತ್ತು ನಿಮಿಷದಲ್ಲಿ ವಿಷಯ ಪಕ್ಕದ ಮನೆಗೆ ಹೋಗುತ್ತದೆ, ಜೂನ್ ಒಂದರವರೆಗೂ ಕಾಯುವ ಅಗತ್ಯ ರಘುರಾಮಣ್ಣನಿಗೆ ಇರುವುದಿಲ್ಲ.

ಗಿರಿಜಕ್ಕ ಲೋಟ ಕೆಳಗಿಟ್ಟರು.

“ಎಂತ ಬಾಯಿ ಅದು, ನಿಮ್ಮ ಪ್ರಾರ್ಥನೆಯಾ? ನನಗೆ ಈ ಕೊಂಕಣಿ ಒಂದು ಚೂರು ಅರ್ಥ ಆಗುವುದಿಲ್ಲ ಮಾರಾಯ್ತಿ” ಎಂದರು.

ಏಳೆಂಟು ವರ್ಷದಿಂದ ನಮ್ಮ ನೆರೆಯಲ್ಲಿದ್ದವರು. ನಮ್ಮ ಮಾಯ್ ಜೊತೆ ಕೊಂಕಣಿಯಲ್ಲೇ ಜಗಳವಾಡಿ ಕೊಂಕಣಿಯಲ್ಲೇ ರಾಜಿಯಾದವರು. ನಾನು ಅವರನ್ನು ನೋಡಿದೆ. ಅವರು ಐಸ್ ಚೀಲ ನೋಡುತ್ತ, ನೀರು ಇಳಿತಾ ಉಂಟು, ಒರಸಿ ಎಂದರು. ಒರಸಿದೆ. ಜೀವನದಲ್ಲಿ ನನಗೆ ಬಹಳ ಮಂದಿ ಉಪಕಾರ ಮಾಡಿದ್ದಾರೆ. ಅಷ್ಟು ಚಿಕ್ಕ ವಾಕ್ಯದಲ್ಲಿ ಮಾಡಿದವರು ಬೇರೆ ಇಲ್ಲ.

ಸಿರಿಲ್ ಕ್ಯಾಸೆಟ್ ತೆಗೆದು, ತಿರುಗಿಸಿ, ಇನ್ನೊಂದು ಬದಿಯನ್ನು ಹಾಕಿದರು. ಆ ಎಂಜಿನಿಯರ್ ಎರಡೂ ಬದಿಗೆ ಅದೇ ಆಟ ತುಂಬಿಸಿದ್ದರಂತೆ. ಒಮ್ಮೆ ತಪ್ಪಿ ಹಾಕಿದಾಗ ಇವರಿಗೆ ಗೊತ್ತಾಗಿತ್ತು. ಮತ್ತೆ ಆರು ನಿಮಿಷ ಕಾಯಬೇಕು. ಗಿರಿಜಕ್ಕ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಅಕ್ಕಿ ನೆನೆದು ಕೂತಿದ್ದರೂ ಅವರೂ ಕೂತರು.

ಪಟ್ಟೆ ಓಡಿತು, ಗೆರೆ ಮೂಡಿತು, ವಿಮಾನ ಹಾರಿತು. ಅಂದು ಅವರು ಆಡಿದ್ದು ಆಟವಾಗಿರಲಿಲ್ಲ. ಹಣೆಯಲ್ಲಿ ಬೆವರು. ಪ್ರತಿ ಗುಂಡಿಗೂ ಮಣಿಕಟ್ಟು ಹಿಂದಕ್ಕೆ ಎತ್ತಿ, ಒತ್ತಿ, ಕಾದು, ಗೆರೆ ವಾಲಿದ್ದು ನೋಡಿ, ಮತ್ತೆ ಒತ್ತಿ. ನೋವಾಗುವುದು ಕಾಣುತ್ತಿತ್ತು. ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಬಾಯಿಯ ಮಾತು ಅವರು ಆಗಷ್ಟೇ ಕೇಳಿದ್ದರು. ಮುಕ್ಕಾಲು ಗಂಟೆಯ ನಂತರ ರನ್‌ವೇಯ ಎರಡು ಗೆರೆ ಎದುರು ಬಂದವು, ಅಗಲವಾದವು, ಎತ್ತರದ ಮುಳ್ಳು ಸೊನ್ನೆಗೆ ಇಳಿಯತೊಡಗಿತು. ಅಲ್ಲಿಗೆ ಐಸ್ ಪೂರ್ತಿ ಕರಗಿತ್ತು. ಯಂತ್ರಕ್ಕೆ ಸಾಕಾಯಿತು. ಚಿತ್ರ ಇದ್ದ ಹಾಗೆಯೇ ನಿಂತಿತು. ಯಾವ ಗುಂಡಿ ಒತ್ತಿದರೂ ಅಲ್ಲಾಡಲಿಲ್ಲ.

“ಇಳೀತಾ?” ಎಂದೆ.

“ಇಳೀತು” ಎಂದರು ಸಿರಿಲ್.

“ಇಳಿಯದೆ ಮತ್ತೆ ಎಲ್ಲಿಗೆ ಹೋಗ್ತದೆ” ಎಂದರು ಗಿರಿಜಕ್ಕ.

ಸಿರಿಲ್ ಬಲಗೈಯನ್ನು ನನ್ನ ಕಡೆ ಚಾಚಿದರು. “ಈಗ ಅಳೆ, ಸಿಸ್ಟರ್.”

ಐದು ಗಂಟೆಗೆ ಅಳೆದಾಗಿದೆ ಎಂದೆ. ನನ್ನ ಮೂರ್ಖತನಕ್ಕೆ ಮಿತಿಯಿತ್ತೇ? ಅವರು ಕೈ ಹಿಂದೆ ತೆಗೆಯಲಿಲ್ಲ. ಕೋನಮಾಪಕ ತಂದೆ. ಇಟ್ಟೆ. ಮತ್ತೊಮ್ಮೆ ಇಟ್ಟೆ. ನಲವತ್ತನಾಲ್ಕು.

ನೀವು ಆಗಲೇ ಊಹಿಸಿರಬಹುದು. ಬಿಗಿದ ಸಂದು ಎದ್ದ ಕೂಡಲೇ ಅತ್ಯಂತ ಬಿಗಿಯಾಗಿರುತ್ತದೆ, ಕೆಲಸ ಮಾಡಿದ ಮೇಲೆ ಸಡಿಲವಾಗುತ್ತದೆ. ವಾರ್ಡಿನ ಅಜ್ಜಿಯರೂ ಇದನ್ನು ಹೇಳುತ್ತಾರೆ. ನಾನು ಮಾತ್ರ ಇಪ್ಪತ್ತು ದಿನ, ನಿಯಮದ ಪ್ರಕಾರ, ಅವರ ಕೈ ಇನ್ನೂ ನಿದ್ದೆಯಲ್ಲಿರುವಾಗ ಅಳೆದು, ಗುಣವಾಗುತ್ತಿಲ್ಲ ಎಂದು ಬರೆದೆ, ಬಹರೈನಿಗೂ ಹೇಳಹೊರಟೆ. ಮೇಟ್ರನ್ ಕಲಿಸಿದ್ದು ತಪ್ಪಲ್ಲ. ಜ್ವರಕ್ಕೆ ಸರಿಯಾದದ್ದು ಮಣಿಕಟ್ಟಿಗೆ ಸರಿಯಲ್ಲ, ಅಷ್ಟೇ. ಗಡಿಯಾರ ನೋಡುತ್ತ ಕೈ ನೋಡಲು ಮರೆತವಳು ನಾನು.

“ಇನ್ನೂ ಒಂದು ಕಮ್ಮಿ ಉಂಟು” ಎಂದೆ.

“ಆ ಒಂದು ಶೆಟ್ರಿಗೆ ಬಿಡುವ” ಎಂದರು.

ಗಿರಿಜಕ್ಕ ಡಬ್ಬಿ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಗ್ರೈಂಡರ್ ಸುರುವಾಗಿ ನಮ್ಮ ಬಲ್ಬು ಮಂಕಾಯಿತು. ಆ ಮಂಕು ಬೆಳಕಿನಲ್ಲಿ ನಾವಿಬ್ಬರೇ ಉಳಿದೆವು. ಕ್ಷಮಿಸಿ ಎಂದು ಹೇಳಲು ನಾನು ಮೂರು ಸಲ ಹೊರಟೆ. ಮೂರನೆಯ ಸಲ ಅವರು, ಇಗರ್ಜಿಗೆ ತಡ ಆಗ್ತದೆ, ಅಂಗಿ ಕೊಡು ಎಂದರು. ಕೊಟ್ಟೆ. ಗುಂಡಿ ಹಾಕಲು ಹೋಗದೆ ಕೈಕಟ್ಟಿ ನಿಂತೆ. ಏಳು ಗುಂಡಿ. ಅದಕ್ಕೆ ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡಲಿಲ್ಲ.

ಪೂಜೆ ಮುಗಿಸಿ ಬರುವಾಗ ರಘುರಾಮಣ್ಣ ಗೇಟಿನ ಹತ್ತಿರ ನಿಂತಿದ್ದರು. ಎರಡನೇ ಬಸ್ಸು ಭಾನುವಾರ ಖಾಲಿ ಉಂಟು, ಸುಮ್ಮನೆ ಕಾಟಿಪಳ್ಳದವರೆಗೆ ಒಂದು ಹೋಗಿ ಬರುವನಾ ಎಂದರು. ಯಾರು ಹೇಳಿ ಕಳಿಸಿದ್ದು, ಎಂತ ಹೇಳಿ ಕಳಿಸಿದ್ದು ಎಂದು ನಾವು ಕೇಳಲಿಲ್ಲ. ಹೆಂಡತಿಗೆ ಕೊಂಕಣಿ ಅರ್ಥವಾಗುವುದಿಲ್ಲವಲ್ಲ!

ಖಾಲಿ ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ ಒಬ್ಬಳೇ ಕೂತೆ. ರಘುರಾಮಣ್ಣ ಮುಂದೆ ಎಂಜಿನಿನ ಪಕ್ಕ. ಸಿರಿಲ್ ಹತ್ತಿ ಕೂತು, ಬಲಗೈಯನ್ನು ಸ್ಟೀರಿಂಗಿನ ಮೇಲೆ ಇಟ್ಟು, ತೆಗೆದು, ಪುನಃ ಇಟ್ಟರು. ಸುರತ್ಕಲ್‌ವರೆಗೆ ನೇರ ರಸ್ತೆ, ತೊಂದರೆಯಿಲ್ಲ. ಅಲ್ಲಿಂದ ಒಳಗೆ ತಿರುಗುವಲ್ಲಿ ಅವರ ಭುಜ ಮೇಲೆದ್ದಿತು. ಕೈ ನೋಯುವಾಗ ಭುಜ ಸಹಾಯಕ್ಕೆ ಬರುತ್ತದೆ. ಬಸ್ಸು ತಿರುಗಿತು, ನಿಧಾನಕ್ಕೆ, ಹಿಂದಿನ ಲಾರಿಯವನು ಹಾರ್ನ್ ಹೊಡೆಯುವಷ್ಟು ನಿಧಾನಕ್ಕೆ. ಅವರು ಹಾರ್ನ್ ಕೇಳಿ ಅವಸರ ಮಾಡಲಿಲ್ಲ. ಒತ್ತಿ, ಕಾದು, ನೋಡಿ, ಮತ್ತೆ ಒತ್ತುವ ಆ ಕ್ರಮ ನನಗೆ ಪರಿಚಿತವಾಗಿತ್ತು.

“ಸ್ವಲ್ಪ ನಿಧಾನ ಆಗಿದ್ದೀರಿ” ಎಂದರು ರಘುರಾಮಣ್ಣ.

“ಹೌದು” ಎಂದರು ಸಿರಿಲ್. ಬೇರೆ ನೆಪ ಹೇಳಲಿಲ್ಲ.

ರಘುರಾಮಣ್ಣ ಕಾಟಿಪಳ್ಳದಲ್ಲಿ ಇಳಿದು ಒಂದು ಗೂಡಂಗಡಿಯಲ್ಲಿ ಮೂರು ಚಾ ಹೇಳಿದರು. ಚಾ ಮುಗಿಯುವವರೆಗೆ ಮಳೆಯ ವಿಷಯ, ಡೀಸೆಲಿನ ವಿಷಯ. ಲೋಟ ಇಡುವಾಗ ಹೇಳಿದರು, ಬೆಳಗ್ಗಿನ ಎರಡು ಟ್ರಿಪ್ ಜೂನ್ ಒಂದರಿಂದ ಸಿರಿಲ್ ಮಾಡಲಿ, ಮಧ್ಯಾಹ್ನದ ಮೇಲೆ ಆ ಬದಲಿ ಜನ ಮಾಡ್ತಾನೆ, ಉಳಿದದ್ದು ಮಳೆಗಾಲ ಕಳೆದ ಮೇಲೆ ನೋಡುವ. ಪೂರ್ತಿ ಸಿಕ್ಕಲಿಲ್ಲ. ಆದರೆ ಸೀಟು ಹೋಗಲಿಲ್ಲ. ನಾನು ಚಾ ಲೋಟದ ಒಳಗೆ ನೋಡುತ್ತ ನಿಂತೆ. ಬಸ್ ಯಜಮಾನರ ಎದುರು ಅಳುವುದು ಶಿಸ್ತಲ್ಲ.

ಸಂಜೆ ಏಳಕ್ಕೆ ಜಪಸರದ ಪ್ರಾರ್ಥನೆ. ಏಳೂ ಇಪ್ಪತ್ತಕ್ಕೆ ಲಿಲ್ಲಿಯ ಪತ್ರ. ಈ ಸಲ ಕ್ಯಾಸೆಟ್ಟನ್ನು ಎರಡು ಸಲ ನೋಡಿ, ಸ್ವಲ್ಪ ಓಡಿಸಿ ಅವಳ ಸ್ವರ ಕೇಳಿ, ಆಮೇಲೆ ತುಂಬಿಸಿದೆ. ನಾನು ಮುಗಿಸಿ ನಿಲ್ಲಿಸಲು ಹೋದಾಗ ಸಿರಿಲ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಗಂಟಲು ಸರಿ ಮಾಡಿಕೊಂಡು, ಮಾಯ್‌ಗಿಂತ ಜೋರಾಗಿ ಕೂಗಿದರು.

“ಲಿಲ್ಲೀ, ಬಾವ ಮಾತಾಡುವುದು. ಅಲ್ಲಿ ವಾಚ್‌ಮನ್ ಕೆಲಸ ಹುಡುಕುವುದು ಬೇಡ. ಅಷ್ಟೇ.”

ಉತ್ತರಕ್ಕೆಂದು ಸ್ವಲ್ಪ ಹೊತ್ತು ಬಿಟ್ಟರು. ನಾನು ನಿಲ್ಲಿಸಿದೆ.

ಉಳಿದದ್ದು ಆಟದ ಕ್ಯಾಸೆಟ್. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ, ಒಂದೊಂದು ಬದಿಗೆ ಒಂದೊಂದು. ಅವನ್ನು ಮುರಿದರೆ ಆ ಬದಿಯಲ್ಲಿ ಯಾರೂ ಮತ್ತೆ ತುಂಬಿಸಲಿಕ್ಕಾಗುವುದಿಲ್ಲ, ಅಳಿಸಲಿಕ್ಕೂ ಆಗುವುದಿಲ್ಲ. ಆಟವಿರುವ ಬದಿಯದ್ದನ್ನು ಮುರಿಯುವುದು, ಇನ್ನೊಂದು ಬದಿಯಲ್ಲಿರುವ ನನ್ನ ಆ ಹತ್ತು ನಿಮಿಷವನ್ನು ಈಗಲೇ ಅಳಿಸುವುದು, ಆಮೇಲೆ ಅದನ್ನೂ ಮುರಿಯುವುದು. ಇದು ನನ್ನ ಕ್ರಮ. ಕತ್ತರಿ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಅವರು ಬಲಗೈಯ ಹೆಬ್ಬೆರಳಿನ ಉಗುರಿನಿಂದ ಎರಡನ್ನೂ ಮುರಿದಿದ್ದರು.

“ಎರಡೂ ಯಾಕೆ ಮುರಿದದ್ದು? ಆ ಬದಿಯದ್ದು ಅಳಿಸಬೇಕಿತ್ತು” ಎಂದೆ.

“ರಿಪೋರ್ಟ್ ಅಳಿಸಬಾರದು ಅಂತ ನೀನೇ ಹೇಳುವುದಲ್ಲ ಸಿಸ್ಟರ್” ಎಂದರು. “ತಪ್ಪಾದರೆ ಕೆಳಗೆ ಸರಿಯಾದದ್ದು ಬರೆಯಬೇಕು ಅಂತೆ.”

ಚಾರ್ಟ್ ತೆಗೆದೆ. ಬೆಳಗ್ಗಿನ ಮೂವತ್ತರ ಕೆಳಗೆ ನಲವತ್ತನಾಲ್ಕು ಬರೆದು ಸಹಿ ಹಾಕಿದೆ. ಗಂಟೆ ಏಳೂ ಐವತ್ತು.